ಬಳ್ಳಾರಿ ಬಿಸಿಲಿಗೆ ಹಸ್ಕಿ ಮಾರುವವರಿದ್ದಾರೆ, ಹುಷಾರು

ಬೆಳಗಿನ ಓಟಕ್ಕೆ, ಗುಡ್ಡ ಹತ್ತೋದಕ್ಕೆ, ಹೊಲದ ಕಡೆ ಸುತ್ತಾಡೋದಕ್ಕೆ ಜೊತೆಗಿರಲಿ ಅಂತ ನಾಯಿಮರಿ ಹುಡುಕುತ್ತಿರುವ ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯವರು ಅಡ್ವಾನ್ಸ್ ಕಳಿಸುವ ಮುಂಚೆ ಇದನ್ನೊಮ್ಮೆ ಓದಿ. ಫೋನಿನಲ್ಲೇ ವ್ಯಾಪಾರ ಕುದುರಿಸಿ ಮರಿಯನ್ನು ರಾತ್ರಿ ಬಸ್ಸಿಗೆ ಹಾಕಿ ಕಳಿಸುವ ದಂಧೆಯೊಂದು ಜೋರಾಗಿ ನಡೆದಿದೆ. "ನಮ್ಮದು ಆ್ಯಕ್ಟಿವ್ ಫ್ಯಾಮಿಲಿ, ಹೊರಗೆ ಓಡಾಡೋರು" ಅಂದರೆ ಸಾಕು, ಅವರ ಬಾಯಿಂದ ಬರೋದು ಒಂದೇ ಹೆಸರು: ಸೈಬೀರಿಯನ್ ಹಸ್ಕಿ, ಹಿಮದ ನಾಡಿನ ನಾಯಿತಳಿ.

ನಮ್ಮ ಯಜಮಾನರಿಗೆ ಓಟದ ಹುಚ್ಚು, ಮಕ್ಕಳಿಗೆ ಸೈಕಲ್ಲು. ಭಾನುವಾರ ಬಂತೆಂದರೆ ಸಂಡೂರು ಕಡೆ ಹೊರಟೇಬಿಡುತ್ತೇವೆ. ಇದನ್ನೆಲ್ಲ ನಮಗೆ ಮರಿ ಮಾರಿದ ಮನುಷ್ಯನಿಗೆ ಬಿಡಿಸಿ ಹೇಳಿದ್ದೆವು. ನಮ್ಮದು ಬಳ್ಳಾರಿ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು ಅಂತಲೂ ಹೇಳಿದ್ದೆವು. "ಏಸಿ ಒಂದಿದ್ರೆ ಸಾಕು ಮೇಡಂ, ರಾಜಸ್ಥಾನಕ್ಕೂ ಕಳಿಸಿದ್ದೀನಿ" ಅಂದ. ಜೊತೆಗೊಂದು ವಿಡಿಯೋ. 1925ರಲ್ಲಿ ಅಲಾಸ್ಕದ ನೋಮ್ ಪಟ್ಟಣಕ್ಕೆ ಡಿಫ್ತೀರಿಯಾ ಔಷಧವನ್ನು ಸ್ಲೆಡ್ ನಾಯಿಗಳು, ಅಂದರೆ ಹಿಮದ ಮೇಲೆ ಜಾರುಗಾಡಿ ಎಳೆಯುವ ನಾಯಿಗಳು, ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಎಳೆದೊಯ್ದ ಕಥೆ. ಕಥೆ ನಿಜವೇ. ಆದರೆ ಆ ಓಟ ನಡೆದದ್ದು ಮೈನಸ್ 30ಕ್ಕಿಂತ ಕೆಳಗಿನ ಚಳಿಯಲ್ಲಿ ಅನ್ನೋದನ್ನು ವಿಡಿಯೋ ಮಾಡಿದವರು ಹೇಳಿರಲಿಲ್ಲ, ಮಾರುವವನು ಹೇಳುವ ಮಾತಂತೂ ದೂರವೇ ಉಳಿಯಿತು.

ಮರಿ ಬಂದದ್ದು ರಟ್ಟಿನ ಡಬ್ಬದಲ್ಲಿ, ತೂತು ಕೊರೆದು, ಉಚ್ಚೆಯಲ್ಲಿ ನೆಂದು. ಅರವತ್ತು ದಿನದ್ದು ಅಂತ ಹೇಳಿದ್ದ. ಡಾಕ್ಟರು ತುಟಿ ಎತ್ತಿ ನೋಡಿ, "ಇದಕ್ಕ ಇನ್ನೂ ಹಾಲಹಲ್ಲೇ ಪೂರ್ತಿ ಬಂದಿಲ್ರೀ, ಬಾಳಂದ್ರ ತಿಂಗಳಾಗಿರಬೇಕು" ಅಂದರು. ಇದು ಚಿಲ್ಲರೆ ವಿಷಯ ಅಲ್ಲ. ಅಷ್ಟು ಬೇಗ ತಾಯಿಯಿಂದ ಬಿಡಿಸಿದ ಮರಿಗೆ ಪಾರ್ವೋ ಎಂಬ ವೈರಸ್ ಕಾಯಿಲೆ ಬಂದರೆ, ವಾಂತಿ ರಕ್ತಭೇದಿಯಲ್ಲೇ ಎರಡು ಮೂರು ದಿನದಲ್ಲಿ ಮುಗಿದುಹೋಗಬಹುದು. ನಾಯಿ ಸಾಕಣೆ ಮತ್ತು ಮಾರಾಟಕ್ಕೆ ಕೇಂದ್ರ ಸರ್ಕಾರ 2017ರಲ್ಲಿ ಮಾಡಿದ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತೆಯೇ ಇಲ್ಲ, ಬ್ರೀಡರ್ (ಮರಿ ಹಾಕಿಸಿ ಮಾರುವವನು) ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ನೋಂದಣಿ ನಂಬರ್ ಕೇಳಿದ್ದಕ್ಕೆ ನಮ್ಮನ್ನೇ ಬ್ಲಾಕ್ ಮಾಡಿದ. ತಳಿ ದಾಖಲಿಸುವ ಕೆನೆಲ್ ಕ್ಲಬ್ಬಿನ ಸರ್ಟಿಫಿಕೇಟು "ಪೋಸ್ಟಲ್ಲಿ ಬರುತ್ತೆ" ಅಂದಿದ್ದ, ಅದಂತೂ ಬರಲೇ ಇಲ್ಲ.

ಮರಿ ಹೇಗೋ ಬದುಕಿತು. ಚಳಿಗಾಲದಲ್ಲಿ ಮನೆಯೆಲ್ಲ ಅದರದೇ ರಾಜ್ಯ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಯಿತು ನೋಡಿ, ಅಲ್ಲಿಂದ ಶುರು. ಹಸ್ಕಿಗೆ ಎರಡು ಪದರ ಕೂದಲು, ಒಳಪದರ ಹತ್ತಿಯಂತೆ ಒತ್ತಾಗಿರುತ್ತದೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರೋದಿಲ್ಲ. ಪಾದದಲ್ಲಿ ಬರುವ ಒಂದಿಷ್ಟು ಬೆವರು ಬಿಟ್ಟರೆ ಮೈ ತಣ್ಣಗೆ ಮಾಡಿಕೊಳ್ಳಲು ನಾಲಿಗೆ ಚಾಚಿ ತೇಕುವುದೇ ಅದರ ಮುಖ್ಯ ಉಪಾಯ. ಮಾರ್ಚಿನ ಒಂದು ಬೆಳಿಗ್ಗೆ, ಬಿಸಿಲು ಇನ್ನೂ ಚುರುಕಾಗುವ ಮೊದಲೇ, ಓಟದ ನಡುವೆ ಹಿಂಗಾಲು ತಡವರಿಸಿ ಕೂತುಬಿಟ್ಟಿತು. ಜೊಲ್ಲು ಅಂಟಂಟು, ನಾಲಿಗೆ ಕಡುಗೆಂಪು. ಮೈಮೇಲೆ ನೀರು ಸುರಿದು, ಕಾರಿನ ಏಸಿ ಮುಂದೆ ಹಿಡಿದು ಆಸ್ಪತ್ರೆ ಸೇರಿಸುವಷ್ಟರಲ್ಲಿ ಮೈಬಿಸಿ 106 ಫ್ಯಾರನ್‌ಹೀಟ್. ನಾಯಿಗೆ 101ರಿಂದ 102.5 ಸಹಜ. ಡ್ರಿಪ್ ಹಾಕಿಸಿ ಉಳಿಸಿಕೊಂಡೆವು. (ಇಂಥ ಹೊತ್ತಲ್ಲಿ ಒದ್ದೆ ಟವಲ್ ಸುತ್ತಿ ಹಾಗೇ ಬಿಡಬೇಡಿ, ಶಾಖ ಒಳಗೇ ನಿಲ್ಲುತ್ತದೆ. ನೀರು ಹಾಕುತ್ತಲೇ ಇರಿ, ಗಾಳಿ ಬೀಸಿ.)

ಆಮೇಲೆ ಆ ನಾಯಿಯದು ಜೈಲುವಾಸ. ಬೆಡ್‌ರೂಮು, ಏಸಿ, ಮುಚ್ಚಿದ ಬಾಗಿಲು. ಓಡಲೆಂದೇ ಹುಟ್ಟಿದ ಪ್ರಾಣಿ ಸುಮ್ಮನೆ ಕೂರುತ್ತದೆಯೇ? ಹಾಸಿಗೆ ಹರಿಯಿತು, ಬಾಗಿಲು ಕೆರೆಯಿತು. ಹಸ್ಕಿ ಬೊಗಳೋದು ಕಡಿಮೆ, ಊಳಿಡೋದು ಜಾಸ್ತಿ. ನಮ್ಮ ಓಣಿಯಲ್ಲಿ ನಡುರಾತ್ರಿ ನಾಯಿ ಊಳಿಟ್ಟರೆ ಏನರ್ಥ ಅಂತ ನಿಮಗೆ ಗೊತ್ತಲ್ಲ. ಎದುರುಮನೆ ಅಜ್ಜಿ "ಯಾರ ಮನಿಗೆ ಕೇಡು ಕರೀತೈತೋ ಏನೋ ಇದು, ಎಲ್ಲಾರ ಬಿಟ್ಟು ಬರ್ರಿ ತಾಯಿ" ಅಂತ ಗೇಟಿಗೇ ಬಂದು ನಿಂತರು. ಕೂದಲು ಬೋಳಿಸಿಬಿಡಿ ಅಂತ ಸಲಹೆ ಕೊಟ್ಟವರು ಬೇಕಾದಷ್ಟು. ಡಾಕ್ಟರು ಬೇಡವೇ ಬೇಡ ಅಂದರು: ಚರ್ಮ ನೇರ ಬಿಸಿಲಿಗೆ ಸಿಗುತ್ತದೆ, ಕೂದಲು ಮೊದಲಿನಂತೆ ಬೆಳೆಯುತ್ತದೆಂಬ ಖಾತ್ರಿಯೂ ಇಲ್ಲ. ಈಗ ಅದು ಮಡಿಕೇರಿಯ ನೆಂಟರ ಮನೆಯಲ್ಲಿದೆ.

ಹಾಗಾದರೆ ಮುಧೋಳ ನಾಯಿ ತಗೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ಮಾತು ಅರ್ಧ ಸರಿ. ತೆಳು ಕೂದಲು, ಉದ್ದ ಮೂತಿ, ಈ ಬಿಸಿಲಿಗೇ ಹುಟ್ಟಿದ ಮೈಕಟ್ಟು. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದ ತಳಿ. ಆದರೆ ಅದು ಕಣ್ಣಿಗೆ ಕಂಡದ್ದನ್ನು ಬೆನ್ನಟ್ಟುವ ಬೇಟೆನಾಯಿ. ನಮ್ಮ ಕಡೆ ಊರು ದಾಟಿದರೆ ಕುರಿಹಿಂಡು. ಹಗ್ಗ ಬಿಚ್ಚಿ ಬಿಟ್ಟಿರೋ, ಕುರಿಗಾರರ ಕೈಗೆ ದಂಡ ಕೊಟ್ಟು ಬರಬೇಕಾಗುತ್ತದೆ. ಮೂವತ್ತು ನಲವತ್ತರ ಸೈಟಿನ ಮನೆಯಲ್ಲಿ ದಿನವಿಡೀ ಸರಪಳಿ ಹಾಕಿ ಕಟ್ಟಿಹಾಕುವವರಿಗೂ ಅದು ಬೇಡ. ಮರಿ ಬೇಕೇಬೇಕೆಂದರೆ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ, ಅಲ್ಲಿ ವಿಚಾರಿಸಿ. ಹಸ್ಕಿ ಮಾರುವ ದಲ್ಲಾಳಿಗಳೇ ಸಣಕಲು ಬೆರಕೆ ಮರಿಗೆ ಮುಧೋಳ ಅಂತ ಹೆಸರಿಟ್ಟು ಮಾರುವುದೂ ಉಂಟು.

ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯವು ಓಟದ ಮನೆಗೆ ಬರಲೇಬಾರದು, ಅವಕ್ಕೆ ಸರಿಯಾಗಿ ತೇಕಲೂ ಆಗೋದಿಲ್ಲ. ಲ್ಯಾಬ್ರಡಾರ್ ನೀರು ಕಂಡರೆ ಕುಣಿಯುತ್ತದೆ, ಆದರೆ ಬೇಗ ಬೊಜ್ಜು ಬರುತ್ತದೆ, ಬಿಸಿಲಿಗೂ ಸೋಲುತ್ತದೆ. ನನ್ನನ್ನು ಕೇಳಿದರೆ ನಮ್ಮ ಓಣಿಯ ನಾಡನಾಯಿಯ ಮರಿಯೇ ವಾಸಿ. ಎರಡು ತಿಂಗಳು ತಾಯಿ ಹತ್ತಿರ ಬಿಟ್ಟು, ಲಸಿಕೆ ಹಾಕಿಸಿ ತಂದುಕೊಳ್ಳಿ. ಉಣ್ಣಿ ಜ್ವರದ ವಿಷಯದಲ್ಲಿ ಮಾತ್ರ ಉದಾಸೀನ ಬೇಡ, ಹೊಲ ಸುತ್ತುವ ಯಾವ ನಾಯಿಯನ್ನೂ ಅದು ಬಿಡೋದಿಲ್ಲ. ಸಂಡೂರು ಗುಡ್ಡಕ್ಕೆ ಕರೆದೊಯ್ದರೆ ಹಗ್ಗ ಕೈಯಲ್ಲೇ ಇರಲಿ. ಚಿರತೆ, ಕರಡಿ ಎರಡೂ ಇರುವ ಜಾಗ ಅದು.

ನಮಗೆ ಮಾರಿದವನು ನಂಬರ್ ಬದಲಿಸಿದ್ದಾನೆ, ಫೋಟೋ ಬದಲಿಸಿಲ್ಲ: ಕೆಂಪು ಪ್ಲಾಸ್ಟಿಕ್ ಬಕೆಟ್ಟಿನ ಪಕ್ಕ ನೀಲಿ ಕಣ್ಣಿನ ಮರಿ. ಅದು ನಿಮ್ಮ ಮೊಬೈಲಿಗೂ ಬಂದರೆ ದುಡ್ಡಿನ ಮಾತೆತ್ತುವ ಮುಂಚೆ ವಿಡಿಯೋ ಕಾಲ್ ಮಾಡಿ, ತಾಯಿನಾಯಿಯನ್ನು ಅದೇ ಫ್ರೇಮಿನಲ್ಲಿ ತೋರಿಸು, ಮರಿಯ ತುಟಿ ಎತ್ತಿ ಹಲ್ಲು ತೋರಿಸು ಅನ್ನಿ. ನಮ್ಮ ಪಕ್ಕದ ಬೀದಿಯ ಹುಡುಗ ಹಾಗೆ ಕೇಳಿದ, ತಕ್ಷಣ ಫೋನ್ ಕಟ್ ಆಯಿತು.