ಕೌಲ್ ಬಜಾರಿನ ಜರ್ಸಿ ಅಂಗಡಿ: ಏಳೇ ಪೀಸ್ ಅಂದರೂ ಬೇಡ ಅನ್ನಲಿಲ್ಲ

ಬಳ್ಳಾರಿಯಲ್ಲಿ ಜರ್ಸಿ ಮಾಡಿಸಬೇಕು, ಆದರೆ ಇಪ್ಪತ್ತು ಮೂವತ್ತು ಪೀಸ್ ಬೇಡ ಅನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವ ಮನೆಗಳ ಸಾಲಿನಲ್ಲೇ ಒಂದು ಸಣ್ಣ ಅಂಗಡಿ ಇದೆ. ಹೆಸರಿನ ಬೋರ್ಡ್ ಇಲ್ಲ. ಶಟರ್ ಮೇಲೆ ‘ಇಲ್ಲಿ ಜರ್ಸಿ ಮಾಡಿಕೊಡಲಾಗುವುದು’ ಅಂತ ಪೇಂಟಲ್ಲಿ ಬರೆದಿದ್ದಾರೆ, ಅಷ್ಟೇ. ಗಂಡ ಹೆಂಡತಿ ಇಬ್ಬರೇ ನಡೆಸುತ್ತಾರೆ. ಅಣ್ಣ ಕಂಪ್ಯೂಟರ್, ಪ್ರಿಂಟರ್, ಹೀಟ್ ಪ್ರೆಸ್ ನೋಡಿಕೊಳ್ಳುತ್ತಾರೆ. ಕಟಿಂಗ್, ಹೊಲಿಗೆ ಎಲ್ಲ ಅಕ್ಕನದು. ಹತ್ತು ವರ್ಷ ಜೀನ್ಸ್ ಹೊಲಿದ ಕೈ. ಜರ್ಸಿಯ ತೆಳು ಬಟ್ಟೆ ಅವರಿಗೆ ಲೆಕ್ಕಕ್ಕೇ ಇಲ್ಲ.

ನಾವು ಮಾಡಿಸಿದ್ದು ಕ್ರಿಕೆಟ್ ಜರ್ಸಿ ಅಲ್ಲ, ಕೆನಡಾದ ಫುಟ್‌ಬಾಲ್ ಜರ್ಸಿ. ನನ್ನ ತಮ್ಮ 2023ರ ಆಗಸ್ಟ್‌ನಲ್ಲಿ ಓದಲಿಕ್ಕೆ ರೆಜೈನಾಗೆ ಹೋದ. ಸಸ್ಕ್ಯಾಚುವಾನ್ ಪ್ರಾಂತ್ಯದ ರಾಜಧಾನಿ, ಆದರೂ ನಮ್ಮ ಬಳ್ಳಾರಿಗಿಂತ ಸಣ್ಣ ಊರು. ಸುತ್ತಲೂ ಹೊಲ. ಕೆನಡಾದಿಂದ ನಮ್ಮ ದೇಶಕ್ಕೆ ಬರುವ ಮಸೂರ ಬೇಳೆ ಬಹುಪಾಲು ಬೆಳೆಯೋದು ಆ ಪ್ರಾಂತ್ಯದಲ್ಲೇ. ಹೋದ ಹೊಸದರಲ್ಲೇ ರೂಮಿನ ಹುಡುಗರು ಅವನನ್ನು ಮೊಸಾಯಿಕ್ ಸ್ಟೇಡಿಯಂಗೆ ಎಳೆದುಕೊಂಡು ಹೋದರು. ಅವತ್ತು ಲೇಬರ್ ಡೇ ಕ್ಲಾಸಿಕ್, ಅಂದರೆ ಅಲ್ಲಿನ ಕಾರ್ಮಿಕರ ದಿನದ (ಸೆಪ್ಟೆಂಬರ್‌ನ ಮೊದಲ ಸೋಮವಾರ) ರಜೆಯ ಹೊತ್ತಿಗೆ ನಡೆಯುವ ಪಂದ್ಯ. ಸಸ್ಕ್ಯಾಚುವಾನ್ ರಫ್‌ರೈಡರ್ಸ್‌ಗೂ ವಿನ್ನಿಪೆಗ್ ಬ್ಲೂ ಬಾಂಬರ್ಸ್‌ಗೂ ಪಂದ್ಯ. ಆಟ ಸಮ ಆಗಿ, ಓವರ್‌ಟೈಮ್‌ಗೆ ಹೋಗಿ, 32-30ಕ್ಕೆ ರೈಡರ್ಸ್ ಗೆದ್ದರು. ತಮ್ಮ ಅಲ್ಲಿಂದಲೇ ವಿಡಿಯೋ ಕಾಲ್ ಮಾಡಿದ. ಏನೂ ಕೇಳಿಸುತ್ತಿರಲಿಲ್ಲ, ಸ್ಕ್ರೀನ್ ತುಂಬ ಬರೀ ಹಸಿರು. ನಮ್ಮ ಮನೆಗೆ ಈ ಆಟ ಹತ್ತಿಕೊಂಡಿದ್ದು ಆವಾಗಲೇ.

ಈಗ ನಾವು ಏಳು ಜನ ಇದ್ದೇವೆ. ನಾನು, ಅಪ್ಪ, ನನ್ನ ಸ್ವಂತ ಅಕ್ಕನ ಮಗಳು, ಇಬ್ಬರು ಕಸಿನ್‌ಗಳು, ಪಕ್ಕದ ಮನೆಯ ಗೆಳತಿ, ಅವಳ ಗಂಡ. ಐದು ಜನ ಹಸಿರು. ಗೆಳತಿ ಮತ್ತು ಅವಳ ಗಂಡ ನೀಲಿ, ಯಾಕೆಂದರೆ ಅವಳ ಅಣ್ಣ ಅತ್ತಿಗೆ ಇರುವುದು ವಿನ್ನಿಪೆಗ್‌ನಲ್ಲಿ. ಕಾಂಪೌಂಡ್ ಗೋಡೆ ಒಂದೇ, ಟೀಮ್ ಮಾತ್ರ ಬೇರೆ. ಈ ಭಾನುವಾರ, 2025ರ ಆಗಸ್ಟ್ 31ಕ್ಕೆ, ರೆಜೈನಾದಲ್ಲಿ ಮತ್ತೆ ಅದೇ ಪಂದ್ಯ. ಅಲ್ಲಿ ಸಂಜೆ 5 ಗಂಟೆ ಅಂದರೆ ನಮಗೆ ಸೋಮವಾರ ಬೆಳಗಿನ ಜಾವ ನಾಲ್ಕೂವರೆ. ಈ ಸಲ ಸುಮ್ನೆ ನೈಟಿ, ಲುಂಗಿಯಲ್ಲಿ ಕೂತು ನೋಡೋದು ಬೇಡ, ಎಲ್ಲರಿಗೂ ಜರ್ಸಿ ಬೇಕು ಅಂತ ಅಕ್ಕನ ಮಗಳು ಹಟ ಹಿಡಿದಳು.

ಮೊದಲು ಆನ್‌ಲೈನಲ್ಲಿ ಒಂದು ಕಡೆ ಆರ್ಡರ್ ಮಾಡಿದೆವು. ಬಂದ ಒಂದು ಸ್ಯಾಂಪಲ್ ಎರಡು ಸಲ ಒಗೆಯುವಷ್ಟರಲ್ಲಿ ನಂಬರ್ ಬಿರುಕು ಬಿಟ್ಟಿತು. ಆಮೇಲೆ ಊರಲ್ಲೇ ಇನ್ನೊಂದು ಅಂಗಡಿ ಕೇಳಿದೆವು. 25 ಪೀಸಿಗಿಂತ ಕಡಿಮೆ ಮಾಡಲ್ಲ ಅಂದರು. ಮೂರನೆಯದು ಈ ಕೌಲ್ ಬಜಾರಿನದು. ಏಳೇ ಪೀಸ್, ಅದರಲ್ಲೂ ಎರಡು ಡಿಸೈನ್ ಅಂತ ಹೇಳಿದೆ. ಅಣ್ಣ ಒಂದೇ ಪ್ರಶ್ನೆ ಕೇಳಿದರು: “ಯಾವ ಆಟದ್ರಿ ಇದು?”

ಆ ಪ್ರಶ್ನೆಗೆ ಅರ್ಧ ಗಂಟೆ ಹೋಯಿತು. ಮೊಬೈಲಲ್ಲಿ ವಿಡಿಯೋ ತೋರಿಸಿದೆ. “ಫುಟ್‌ಬಾಲ್ ಅಂತೀರಿ, ಕೈಯಾಗ ಹಿಡಕೊಂಡು ಓಡ್ತಾರಲ್ರಿ?” ಅಂತ ಅಕ್ಕ ಹೊಲಿಗೆ ನಿಲ್ಲಿಸಿ ಬಂದರು. ಹತ್ತು ಗಜ ಮುಂದೆ ಹೋಗಲಿಕ್ಕೆ ಮೂರು ಚಾನ್ಸ್, ಅಮೆರಿಕದ ಆಟದಲ್ಲಿ ನಾಲ್ಕು ಇರುತ್ತವೆ ಅಂತ ಹೇಳಿದೆ. ಒಂದೊಂದು ಕಡೆ ಹನ್ನೆರಡು ಜನ, ಮೈದಾನ 110 ಗಜ ಉದ್ದ, 65 ಗಜ ಅಗಲ. ಹನ್ನೆರಡು ಅಂದ ಕೂಡಲೇ ಅಣ್ಣ ಕೇಳಿದರು, ಹಂಗಾದರೆ ನೀವು ನೋಡುವವರು ಹದಿಮೂರನೆಯವರು ಅಲ್ವಾ, ಬೆನ್ನಿಗೆ 13 ಹಾಕೋಣ ಅಂತ. ಅಲ್ಲಿನ ಅಭಿಮಾನಿಗಳೂ ತಮ್ಮನ್ನು ಹದಿಮೂರನೆಯವನು ಅಂತಲೇ ಕರೆದುಕೊಳ್ಳುತ್ತಾರೆ. ಈ ಆಟವನ್ನು ಅರ್ಧ ಗಂಟೆ ಹಿಂದೆ ನೋಡಿದ ಮನುಷ್ಯನಿಗೆ ಇದು ತಾನಾಗಿ ಹೊಳೆದಿದ್ದು ನನಗೆ ಬಹಳ ಖುಷಿ ಕೊಟ್ಟಿತು.

ಆದರೆ ತಮ್ಮನಿಗೆ ಫೋನ್ ಮಾಡಿದಾಗ ಬೇಡವೇ ಬೇಡ ಅಂದ. 2009ರಲ್ಲಿ ಗ್ರೇ ಕಪ್, ಅಂದರೆ ಕೆನಡಾ ಫುಟ್‌ಬಾಲ್ ಲೀಗಿನ ಕಪ್‌ನ ಫೈನಲ್‌ನಲ್ಲಿ ಮಾಂಟ್ರಿಯಲ್ ಟೀಮಿನ ಕೊನೇ ಕಿಕ್ ಗುರಿ ತಪ್ಪಿತ್ತು, ರೈಡರ್ಸ್ ಗೆದ್ದೇಬಿಟ್ಟೆವು ಅಂತ ಕುಣಿಯುತ್ತಿದ್ದರು. ಅಷ್ಟರಲ್ಲಿ ಮೈದಾನದಲ್ಲಿ ರೈಡರ್ಸ್ ಕಡೆ ಹದಿಮೂರು ಜನ ಇದ್ದಾರೆ ಅಂತ ಪೆನಾಲ್ಟಿ ಬಿತ್ತು. ಕಿಕ್ ಮತ್ತೆ ಹೊಡೆಸಿದರು, ಈ ಸಲ ಅದು ಕಂಬಗಳ ನಡುವೆ ಹೋಯಿತು, 28-27ಕ್ಕೆ ಕಪ್ ಕೈತಪ್ಪಿತು. ಇದನ್ನು ಅಣ್ಣನಿಗೆ ಹೇಳಿದಾಗ ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ 13 ಅಳಿಸಿದರು. ಅಪ್ಪನಿಗೆ 34 ಹಾಕಿಸಿದೆವು. ಅದು ಜಾರ್ಜ್ ರೀಡ್ ಅವರ ನಂಬರು, 1966ರಲ್ಲಿ ರೈಡರ್ಸ್‌ಗೆ ಮೊದಲ ಕಪ್ ಬಂದಾಗ ಚೆಂಡು ಹಿಡಿದು ಓಡಿದ ಆಟಗಾರ. ಆ ನಂಬರನ್ನು ಟೀಮ್ ಬೇರೆ ಯಾರಿಗೂ ಕೊಡುವುದಿಲ್ಲ. 2023ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು. ತಮ್ಮನ ಫೋನಿನಲ್ಲಿ ಅವರ ಹಳೇ ಆಟ ನೋಡಿದ ಮೇಲೆ ಅಪ್ಪನಿಗೆ ಬೇರೆ ನಂಬರ್ ಬೇಡವಾಯಿತು.

ಕಂಪನಿ ಲೋಗೋ ಹಾಕಲ್ಲ ಅಂತ ಅಣ್ಣ ಮೊದಲೇ ಹೇಳಿದರು. “ಅದು ಅವರದು ರೀ, ನಿಮ್ದೇ ಒಂದು ಡಿಸೈನ್ ಮಾಡೋಣ” ಅಂದರು. ಎಷ್ಟು ಅಂಗಡಿಯವರು ಹೀಗೆ ಹೇಳುತ್ತಾರೆ ಹೇಳಿ. ಹಾಗಾಗಿ ಎದೆ ಮೇಲೆ ಕನ್ನಡದಲ್ಲೇ ‘ಸಸ್ಕ್ಯಾಚುವಾನ್’ ಅಂತ ಬರೆಸೋಣ ಅಂದುಕೊಂಡೆವು. ನಿಜವಾದ ಕೆಲಸ ಶುರುವಾಗಿದ್ದು ಅಲ್ಲಿ. ಕನ್ನಡದಲ್ಲಿ ಜರ್ಸಿ ಮಾಡಿಸಿದವರಿಗೆ ಗೊತ್ತು, ನಾವು ಮೊಬೈಲಲ್ಲಿ ಟೈಪ್ ಮಾಡಿ ಕಳಿಸಿದ ಅಕ್ಷರ ಅವರ ಡಿಸೈನ್ ಸಾಫ್ಟ್‌ವೇರ್‌ಗೆ ಹೋದ ಕೂಡಲೇ ಚೂರುಚೂರು ಆಗುತ್ತದೆ, ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ. ‘ಸ್ಕ್ಯಾ’ದಲ್ಲಿ ಒತ್ತಿನ ಕೆಳಗೆ ಇನ್ನೊಂದು ಒತ್ತು ಬೇರೆ. ತುಂಬ ಕಡೆ ಹಾಗೇ ಪ್ರಿಂಟ್ ಹೊಡೆದು ಕೈಗೆ ಕೊಡುತ್ತಾರೆ. ಇವರು ನುಡಿ ಫಾಂಟಿನಲ್ಲಿ ಹೊಸದಾಗಿ ಟೈಪ್ ಮಾಡಿ, ಅಕ್ಷರಗಳನ್ನು ಚಿತ್ರ ಮಾಡಿಕೊಂಡು, ಒತ್ತನ್ನು ಕೈಯಿಂದಲೇ ಎಳೆದು ಕೂರಿಸಿ, ಎದೆ ಮೇಲೆ ಕಮಾನಿನ ಹಾಗೆ ಬಗ್ಗಿಸಿದರು. ಬಗ್ಗಿಸಿದಾಗ ಒತ್ತುಗಳು ಒಂದಕ್ಕೊಂದು ತಗುಲುತ್ತಿದ್ದವು, ಅದಕ್ಕೆ ಮತ್ತೆ ಅಂತರ ಕೊಟ್ಟರು. ಪೇಪರ್ ಮೇಲೆ ತೆಗೆದು, “ಓದಿ ನೋಡ್ರಿ, ತಪ್ಪಿದ್ರೆ ಈಗಲೇ ಹೇಳ್ರಿ” ಅಂತ ಕೈಗೆ ಕೊಟ್ಟರು. ಒಂದೂ ತಪ್ಪಿರಲಿಲ್ಲ.

ಹಸಿರು ಮಾತ್ರ ಮೊದಲ ಸಲ ಸರಿ ಬರಲಿಲ್ಲ. ರೈಡರ್ಸ್ ಹಸಿರು ಕಡು ಹಸಿರು. ಸ್ಯಾಂಪಲ್ ತುಂಡು ಗಿಳಿಹಸಿರು ಬಂತು. ಇಲ್ಲಿ ಸಬ್ಲಿಮೇಶನ್ ಪ್ರಿಂಟ್ ಮಾಡುತ್ತಾರೆ. ಬಿಳಿ ಪಾಲಿಯೆಸ್ಟರ್ ಬಟ್ಟೆ ಮೇಲೆ ಪ್ರಿಂಟ್ ಆದ ಪೇಪರ್ ಇಟ್ಟು, ಸುಮಾರು 200 ಡಿಗ್ರಿ ಬಿಸಿಯಲ್ಲಿ ಒತ್ತುತ್ತಾರೆ. ಬಣ್ಣ ಆವಿಯಾಗಿ ನೂಲಿನ ಒಳಕ್ಕೇ ಇಳಿಯುತ್ತದೆ. ಅದಕ್ಕೇ ಬಿರುಕು ಬಿಡುವುದಿಲ್ಲ, ಮುಟ್ಟಿದರೆ ಪ್ಲಾಸ್ಟಿಕ್ ಅಂಟಿಸಿದ ಹಾಗೆ ಅನಿಸುವುದಿಲ್ಲ. ಆದರೆ ಸ್ಕ್ರೀನ್ ಮೇಲೆ ಕಾಣುವ ಬಣ್ಣವೇ ಬೇರೆ, ಒತ್ತಿದ ಮೇಲೆ ಬರುವ ಬಣ್ಣವೇ ಬೇರೆ. ಅಣ್ಣ ಆರು ಹಸಿರು ಚೌಕ ಒಂದೇ ತುಂಡಿಗೆ ಪ್ರಿಂಟ್ ಮಾಡಿ, ಹೊರಗೆ ಬಿಸಿಲಿಗೆ ತಂದು ಆರಿಸಿಕೊಳ್ಳಿ ಅಂದರು. ಟ್ಯೂಬ್‌ಲೈಟ್ ಕೆಳಗೆ ಬಣ್ಣ ಒಪ್ಪಬೇಡಿ ಅನ್ನೋದು ಅವರ ಮಾತು. ನಾವು ಐದನೆಯದನ್ನು ಆರಿಸಿದೆವು. ಆ ಸ್ಯಾಂಪಲ್ಲಿಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ಬ್ಯಾಂಜೋ ಕಥೆ ಹೇಳಲೇಬೇಕು. 2003ರಲ್ಲಿ ವಿನ್ನಿಪೆಗ್‌ನ ಕಿಕ್ಕರ್ ಟ್ರಾಯ್ ವೆಸ್ಟ್‌ವುಡ್, ಸಸ್ಕ್ಯಾಚುವಾನ್ ಜನರನ್ನು ಬ್ಯಾಂಜೋ ಬಾರಿಸುವ ಮಂದಿ ಅಂತ ಕೀಳಾಗಿ ಮಾತಾಡಿದ. ಆಮೇಲೆ ಕ್ಷಮೆ ಕೇಳುವ ನೆಪದಲ್ಲಿ, ಅವರಲ್ಲಿ ಬಹಳ ಜನಕ್ಕೆ ಬ್ಯಾಂಜೋ ಬಾರಿಸಲಿಕ್ಕೂ ಬರಲ್ಲ ಅಂತ ಇನ್ನೊಂದು ಚುಚ್ಚಿದ. ಲೇಬರ್ ಡೇ ಆದ ಮುಂದಿನ ವಾರ ವಿನ್ನಿಪೆಗ್‌ನಲ್ಲಿ ಇದೇ ಎರಡು ಟೀಮ್ ಮತ್ತೆ ಆಡುತ್ತವೆ. 2004ರಿಂದ ಅದಕ್ಕೆ ಬ್ಯಾಂಜೋ ಬೌಲ್ ಅಂತಲೇ ಹೆಸರು. ಹಾಗಾಗಿ ನೀಲಿ ಜರ್ಸಿಯ ತೋಳಿಗೆ ಒಂದು ಸಣ್ಣ ಬ್ಯಾಂಜೋ ಬೇಕು ಅಂತ ಗೆಳತಿಯ ಗಂಡ ಕೇಳಿದರು. ಅಣ್ಣ ಬರೆದುಕೊಟ್ಟಿದ್ದು ನಮ್ಮ ಕಡೆ ಭಜನೆಯಲ್ಲಿ ತೊಡೆ ಮೇಲೆ ಇಟ್ಟುಕೊಂಡು ಬಾರಿಸುತ್ತಾರಲ್ಲ, ಮೇಲೆ ಸಾಲಾಗಿ ಗುಂಡಿ ಇರುವ ಬ್ಯಾಂಜೋ! ನಮಗೆ ಬ್ಯಾಂಜೋ ಅಂದರೆ ಅದೇ ತಾನೇ. ಅಲ್ಲಿನದು ಗುಂಡಗೆ, ಉದ್ದ ಕುತ್ತಿಗೆಯದು ಅಂತ ತೋರಿಸಿದಾಗ ಬದಲು ಮಾಡಿಕೊಡುತ್ತೇನೆ ಅಂದರು. ಗೆಳತಿ ಬಿಡಲಿಲ್ಲ. ನಮ್ಮದೇ ಇರಲಿ ಅಂದಳು. ಈಗ ನೀಲಿ ತೋಳಿನ ಮೇಲೆ ಭಜನೆ ಬ್ಯಾಂಜೋ ಇದೆ, ಅದರ ಫೋಟೋ ನೋಡಿ ವಿನ್ನಿಪೆಗ್‌ನಲ್ಲಿರುವ ಅವಳ ಅಣ್ಣ ತನಗೂ ಒಂದು ಬೇಕು ಅಂತ ಕೇಳಿದ್ದಾನೆ.

ನನ್ನ ಪ್ರಕಾರ ಈ ಅಂಗಡಿಗೆ ಪೂರ್ತಿ ಮಾರ್ಕ್ಸ್ ಕೊಡಬೇಕಾಗಿದ್ದು ಟೋಪಿಗೆ. ರೈಡರ್ಸ್ ಅಭಿಮಾನಿಗಳು ಕಲ್ಲಂಗಡಿ ಹಣ್ಣಿನ ತಿರುಳು ತೆಗೆದು, ಸಿಪ್ಪೆಯನ್ನು ಹೆಲ್ಮೆಟ್ ಮಾಡಿ ತಲೆಗೆ ಹಾಕಿಕೊಂಡು ಸ್ಟೇಡಿಯಂಗೆ ಬರುತ್ತಾರೆ. ಆ ವಿಡಿಯೋ ನೋಡಿ ಅಕ್ಕ ತುಂಬ ನಕ್ಕಿದ್ದರು. ಜರ್ಸಿ ತರಲಿಕ್ಕೆ ಹೋದ ದಿನ ಕವರಿನ ಅಡಿಯಲ್ಲಿ ಐದು ಟೋಪಿ ಇದ್ದವು. ಉಳಿದ ಬಟ್ಟೆಯಲ್ಲಿ ಹೊಲಿದಿದ್ದು. ಹೊರಗೆ ಕಡು ಹಸಿರು, ತಿಳಿ ಹಸಿರು ಪಟ್ಟೆ, ಒಳಗೆ ಕೆಂಪು ಲೈನಿಂಗ್. ಆರ್ಡರ್ ಕೊಟ್ಟಿರಲಿಲ್ಲ, ಬಿಲ್ಲಿನಲ್ಲೂ ಇರಲಿಲ್ಲ. ದುಡ್ಡು ಕೊಡಲು ಹೋದರೆ, “ಈ ತಿಂಗಳಾಗ ಒಳ್ಳೆ ಹಣ್ಣು ಎಲ್ಲಿ ಸಿಗ್ತಾವ್ರಿ, ಇದನ್ನೇ ಹಾಕ್ಕೊಳ್ರಿ” ಅಂದರು. ನನ್ನ ಅಕ್ಕನ ಮಗಳು ಆ ಟೋಪಿ ಹಾಕಿಕೊಂಡೇ ಮಲಗುತ್ತಾಳೆ.

ಕೊರತೆ ಇಲ್ಲ ಅಂತಲ್ಲ. 23ಕ್ಕೆ ಕೊಡುತ್ತೇವೆ ಅಂದಿದ್ದರು, ಕೈಗೆ ಸಿಕ್ಕಿದ್ದು 26ಕ್ಕೆ, ಗಣೇಶ ಹಬ್ಬದ ಹಿಂದಿನ ಸಂಜೆ. ಗಣಪತಿ ಮಂಡಳಿಗಳ ಟೀ ಶರ್ಟ್ ಆರ್ಡರ್ ರಾಶಿ ಬಿದ್ದಿತ್ತು, ಕಣ್ಣಾರೆ ನೋಡಿದೆ. ಆದರೂ ಒಂದು ಫೋನ್ ಮಾಡಿ ತಡ ಆಗುತ್ತದೆ ಅಂತ ಹೇಳಬಹುದಿತ್ತು, ಎರಡು ಸಲ ಸುಮ್ನೆ ಹೋಗಿ ಬಂದೆ. ಒಂದು ಜರ್ಸಿಯ ಕೆಳಗಿನ ಮಡಿಕೆಗೆ ಹಸಿರು ದಾರದ ಬದಲು ಬಿಳಿ ದಾರ ಓಡಿಸಿದ್ದರು. ಅಲ್ಲೇ ಬಿಚ್ಚಿ ಹತ್ತು ನಿಮಿಷದಲ್ಲಿ ಹೊಲಿದುಕೊಟ್ಟರು. ಹೆಂಗಸರ ಅಳತೆ ಸ್ವಲ್ಪ ಸಡಿಲವಾಗಿಯೇ ಬರುತ್ತದೆ. ಬಿಗಿ ಬೇಕಿದ್ದರೆ ನಿಮ್ಮದೇ ಒಂದು ಟೀ ಶರ್ಟ್ ಅಳತೆಗೆ ಕೊಟ್ಟು ಬನ್ನಿ.

ರೇಟ್ ಒಂದಕ್ಕೆ 420 ರೂಪಾಯಿ, ಏಳಕ್ಕೆ 2,940. ಅರ್ಧ ಮುಂಗಡ. ಜಾಸ್ತಿ ಪೀಸ್ ಮಾಡಿಸಿದರೆ ಕಡಿಮೆ ಆಗುತ್ತದಂತೆ. ಬಟ್ಟೆ ಡಾಟ್ ನಿಟ್, ಗಾಳಿ ಆಡುತ್ತದೆ. ಮೂರು ಸಲ ಒಗೆದೆ, ಬಣ್ಣ ಬಿಟ್ಟಿಲ್ಲ. ಬೆಳಗ್ಗೆ ಹನ್ನೊಂದರ ಮೇಲೆ ಹೋಗಿ, ಅದಕ್ಕೆ ಮೊದಲು ಅಣ್ಣ ಇರುವುದಿಲ್ಲ.

ಇನ್ನು ಪಂದ್ಯ. ಹೋದ ವರ್ಷ ಇದೇ ರೆಜೈನಾದಲ್ಲಿ ವಿನ್ನಿಪೆಗ್ 35-33ಕ್ಕೆ ಗೆದ್ದಿತು. ಅದರ ಹಿಂದಿನ ವರ್ಷ ನಾವು ಎರಡೇ ಪಾಯಿಂಟ್‌ನಿಂದ ಗೆದ್ದಿದ್ದೆವು, ಹೋದ ಸಲ ಎರಡೇ ಪಾಯಿಂಟ್‌ನಿಂದ ಸೋತೆವು. ನವೆಂಬರ್‌ನಲ್ಲಿ ವೆಸ್ಟ್ ಫೈನಲ್‌ನಲ್ಲೂ (ಪಶ್ಚಿಮ ವಿಭಾಗದ ಫೈನಲ್) ಅವರೇ 38-22. ಗೆಳತಿ ಆ ಅಂಕಿಯನ್ನು ಹಾಲು ತರಲು ಹೋದಾಗಲೂ ನೆನಪಿಸುತ್ತಾಳೆ. 2023ರ ಬ್ಯಾಂಜೋ ಬೌಲ್‌ನ 51-6 ಅಂತೂ ಬಾಯಲ್ಲೇ ಇದೆ. ಈ ಸಲ ನಮ್ಮ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವ ಟ್ರೆವರ್ ಹ್ಯಾರಿಸ್ ಮೇಲೆ ನನಗೆ ಬಹಳ ನಂಬಿಕೆ. ಅವಳಿಗೆ ಅವರ ಕ್ವಾರ್ಟರ್‌ಬ್ಯಾಕ್ ಕೊಲಾರೋಸ್ ಮೇಲೆ ಅಷ್ಟೇ ನಂಬಿಕೆ. ಕೆನಡಾ ಫುಟ್‌ಬಾಲ್ ಲೀಗಿನವರೇ ಇಂಟರ್ನೆಟ್ಟಿನಲ್ಲಿ ಪಂದ್ಯ ತೋರಿಸುವ ಸಿ.ಎಫ್.ಎಲ್ ಪ್ಲಸ್‌ನಲ್ಲಿ ಈ ವರ್ಷ ನಮ್ಮಂಥ ಹೊರದೇಶದವರಿಗೆ ಪಂದ್ಯ ಫ್ರೀ. ಅದನ್ನೇ ಟಿವಿಗೆ ಹಾಕುತ್ತೇವೆ.

ಭಾನುವಾರ ನಮ್ಮ ಬೀದಿ ಗಣಪತಿಗೆ ಐದನೇ ದಿನ. ರಾತ್ರಿ ಗಣಪತಿ ಕಳಿಸಿ ಬರುವಷ್ಟರಲ್ಲಿ ಒಂದು ಗಂಟೆ ಆಗಬಹುದು. ಮೂರು ತಾಸು ಮಲಗಿ, ನಾಲ್ಕಕ್ಕೆ ಎದ್ದು, ಅಪ್ಪ ಮಂಡಕ್ಕಿ ಒಗ್ಗರಣೆ ಮಾಡುತ್ತಾರೆ, ಮಿರ್ಚಿಗೆ ಹಿಟ್ಟು ಗೆಳತಿ ಕಲಸಿಕೊಂಡು ಬರುತ್ತಾಳೆ. ಅಂಗಡಿಯ ಅಕ್ಕನನ್ನೂ ಕರೆದಿದ್ದೇನೆ. ಅಷ್ಟು ಬೇಗ ಬರಲಿಕ್ಕೆ ಆಗಲ್ಲ, ಯಾರು ಗೆದ್ದರು ಅಂತ ಏಳು ಗಂಟೆಗೆ ಫೋನ್ ಮಾಡಿ ಅಂದಿದ್ದಾರೆ. ಮುಂದಿನ ಶನಿವಾರದ ಬ್ಯಾಂಜೋ ಬೌಲ್‌ಗೆ ನೀಲಿ ಟೋಪಿ ಎರಡು ಹೊಲಿಯಲಿಕ್ಕೆ ಬಟ್ಟೆ ತೆಗೆದಿಟ್ಟಿದ್ದಾರಂತೆ.