ಆರು ಲೋಡ್ ಮೆಕ್ಕೆಜೋಳ, ಒಂದು ಹೆಬ್ಬೆರಳು

ದಾವಣಗೆರೆ ಸುತ್ತಮುತ್ತ ಮೆಕ್ಕೆಜೋಳದ ವ್ಯಾಪಾರ ಮಾಡೋರು, ಅದರಲ್ಲೂ ಹೊರರಾಜ್ಯದ ಕೋಳಿ ಆಹಾರದ ಕಂಪನಿಗಳಿಗೆ ಮಾಲು ಕಳಿಸೋರು ಇದನ್ನು ಓದಿ. ನನ್ನ ಕೈಯಿಂದ 1 ಲಕ್ಷ 90 ಸಾವಿರ ಹೋಗಿದೆ. ವಕೀಲರ ಫೀಸು, ಬಸ್ ಚಾರ್ಜು ಬೇರೆ.

ಮಳೆ ಕೈಕೊಟ್ಟ ವರ್ಷ. ತಮಿಳುನಾಡಿನ ಕಂಪನಿಯ ಖರೀದಿ ಮ್ಯಾನೇಜರ್ ವಾಟ್ಸಾಪಿನಲ್ಲಿ ಎರಡು ಪುಟದ ಪಿಡಿಎಫ್ ಕಳಿಸಿದ: 120 ಟನ್, ಕ್ವಿಂಟಲಿಗೆ 2,050, ತೇವಾಂಶ 14ರೊಳಗೆ. ಕೆಳಗೆ ‘ಕನ್ಫರ್ಮ್ ಮಾಡಿ ಅಣ್ಣಾ’. ನಾನು ಕಾಂಟಾದ ಹತ್ತಿರ ಲಾರಿ ತೂಕ ಮಾಡಿಸುತ್ತಿದ್ದೆ. ಹೆಬ್ಬೆರಳು ಎತ್ತಿದ ಚಿತ್ರ ಒತ್ತಿ ಫೋನ್ ಜೇಬಿಗಿಟ್ಟೆ. ‘ಬಂತು, ಆಮೇಲೆ ನೋಡ್ತೀನಿ’ ಅನ್ನೋದಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು. ಪಿಡಿಎಫ್ ತೆರೆಯಲೂ ಇಲ್ಲ.

ಮಾಲು ಕಳಿಸೋ ಹೊತ್ತಿಗೆ ರೇಟು 2,310. ಸಹಿ ಹಾಕಿಲ್ಲವಲ್ಲ ಅಂತ ಧೈರ್ಯವಾಗಿ ಬೇರೆ ಕಡೆ ಮಾರಿದೆ. ಹದಿನೈದು ದಿನಕ್ಕೆ ನೋಟಿಸ್ ಬಂತು. ಕ್ವಿಂಟಲಿಗೆ 260ರಂತೆ 3,12,000 ಕೊಡಿ ಅಂತ. 1872ರ ಕರಾರು ಕಾಯ್ದೆಯ 73ನೇ ಸೆಕ್ಷನ್: ಕರಾರು ಮುರಿದ ದಿನದ ಪೇಟೆ ಧಾರಣೆಗೂ ಒಪ್ಪಿದ ಧಾರಣೆಗೂ ಇರುವ ಅಂತರವೇ ನಷ್ಟ.

‘ಹೆಬ್ಬೆರಳು ಸಹಿ ಆಗುತ್ತಾ ಸಾರ್?’ ಅಂದೆ. ವಕೀಲರು ಕೆನಡಾದ ಕಥೆ ಹೇಳಿದರು. ಅಲ್ಲಿನ ಸಸ್ಕಾಚೆವಾನ್ ಪ್ರಾಂತ್ಯದ ರೈತನಿಗೆ 2021ರಲ್ಲಿ ಧಾನ್ಯ ಕಂಪನಿಯೊಂದು 87 ಟನ್ ಅಗಸೆಯ ಕರಾರಿನ ಫೋಟೊ ಕಳಿಸಿ ಖಚಿತಪಡಿಸಿ ಎಂದಿತ್ತು. ಆತನೂ ಹೆಬ್ಬೆರಳು ಎತ್ತಿದ. ರೇಟು ಏರಿತು, ಮಾಲು ಹೋಗಲಿಲ್ಲ. ತಲುಪಿದೆ ಅನ್ನೋದಷ್ಟೇ ಅದರ ಅರ್ಥ ಅಂತ ವಾದಿಸಿದ. 2023ರಲ್ಲಿ ಕೋರ್ಟು ಒಪ್ಪದೆ 82 ಸಾವಿರ ಕೆನಡಿಯನ್ ಡಾಲರ್ ಕಟ್ಟಿಸಿತು. ಮರುವರ್ಷ ಮೇಲ್ಮನವಿಯಲ್ಲೂ ಸೋತ. ಇಂಗ್ಲೆಂಡಿನಲ್ಲೂ 2025ರಲ್ಲಿ, ಕಟ್ಟಡ ಕೆಡವೋ ಗುತ್ತಿಗೆಯೊಂದು ವಾಟ್ಸಾಪಿನ ಮಾತಿನಲ್ಲೇ ಕುದುರಿದೆ ಅಂತ ಹೈಕೋರ್ಟ್ ತೀರ್ಪು ಕೊಟ್ಟಿದೆ.

ಕೆನಡಾದ ತೀರ್ಪು ನಮ್ಮ ಕೋರ್ಟನ್ನು ಕಟ್ಟಿಹಾಕೋದಿಲ್ಲ ಅಂತ ನಾನು ಹಾರಾಡಿದೆ. ಆಗ ವಕೀಲರು ನನ್ನ ಫೋನೇ ಕೇಳಿದರು. ಹಿಂದಿನ ಮೂರು ವ್ಯವಹಾರ ತೆಗೆದರು. ಇದೇ ಥರದ ಪಿಡಿಎಫ್, ನನ್ನದು ಬರೀ ‘ಸರಿ’, ‘ಓಕೆ’. ಮೂರಕ್ಕೂ ಸಹಿಯಿಲ್ಲ, ಮೂರಕ್ಕೂ ಮಾಲು ಹೋಗಿದೆ, ದುಡ್ಡು ಬಂದಿದೆ. ‘ಸ್ವಾಮಿ, ಮೂರು ಸಲ ಸಹಿಯಿಲ್ಲದೆ ನಡೆದದ್ದು ನಾಲ್ಕನೇ ಸಲ ಯಾಕೆ ನಡೆಯಲ್ಲ ಅಂತ ಜಡ್ಜು ಕೇಳಿದರೆ ಏನು ಹೇಳ್ತೀರಿ?’ ಆ ಕೆನಡಾ ರೈತನಿಗೂ ಮುಳುವಾದದ್ದು ಇದೇ. ಹಿಂದೆಲ್ಲ ಓಕೆ ಅಂತ ಕಳಿಸಿ ಮಾಲು ಒಪ್ಪಿಸಿದ್ದನಂತೆ.

ಆಮೇಲೆ ಪಿಡಿಎಫ್‌ನ ಎರಡನೇ ಪುಟ ಓದಿದೆವು. ಓದಬೇಕಾದವನು ಆರು ತಿಂಗಳು ತಡವಾಗಿ ಓದಿದ್ದು! ತಕರಾರು ಬಂದರೆ ಅವರ ಊರಿನ ಕೋರ್ಟಿನ ವ್ಯಾಪ್ತಿ ಅಂತಿತ್ತು. ‘ಮಾತ್ರ’ ಅನ್ನೋ ಪದ ಇಲ್ಲವಲ್ಲ, ದಾವಣಗೆರೆಯಲ್ಲೇ ನಡೆಸೋಣ ಅಂದೆ. ಆ ದಾರಿಯನ್ನೂ ಸುಪ್ರೀಂ ಕೋರ್ಟ್ 2013ರಲ್ಲೇ ಸ್ವಸ್ತಿಕ್ ಗ್ಯಾಸಸ್ ಪ್ರಕರಣದಲ್ಲಿ ಮುಚ್ಚಿದೆ: ‘ಮಾತ್ರ’ ಇಲ್ಲದಿದ್ದರೂ, ಒಂದು ಊರಿನ ಕೋರ್ಟನ್ನು ಹೆಸರಿಸಿದರೆ ಉಳಿದವನ್ನು ಬಿಟ್ಟಂತೆಯೇ.

3 ಲಕ್ಷ ಅಥವಾ ಅದಕ್ಕೂ ಮೇಲಿನ ವಾಣಿಜ್ಯ ವ್ಯಾಜ್ಯಕ್ಕೆ, ತುರ್ತು ಆದೇಶ ಬೇಡದಿದ್ದರೆ, ದಾವೆಗೆ ಮೊದಲು ಮಧ್ಯಸ್ಥಿಕೆ (ರಾಜಿ ಮಾತುಕತೆ) ಕಡ್ಡಾಯ. 2022ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತ ಮಾಡಿದೆ. ನನ್ನ ಪಾಲಿಗೆ ಅದೊಂದೇ ಒಳ್ಳೇದಾದದ್ದು. ಎರಡು ಸಲ ಅವರ ಊರಿಗೆ ಹೋಗಿ, ಭಾಷೆ ಬಾರದೆ ತಲೆಯಾಡಿಸಿ (ಅದಕ್ಕೂ ಹೆದರಿಕೆ ಆಗ), 1,90,000ಕ್ಕೆ ಇಳಿಸಿದೆವು.

ಈಗ ಯಾರ ಪಿಡಿಎಫ್ ಬಂದರೂ ಮೊದಲು ಟೈಪ್ ಮಾಡೋದು: ‘ತಲುಪಿದೆ. ಇನ್ನೂ ಒಪ್ಪಿಲ್ಲ. ಓದಿ, ಸಹಿ ಹಾಕಿ ಕಳಿಸಿದರೆ ಮಾತ್ರ ವ್ಯವಹಾರ.’ ಎರಡನೇ ಪುಟವನ್ನು ಮೊದಲು ಓದ್ತೀನಿ. ನಮ್ಮ ಊರಿನ ಕೋರ್ಟ್ ಅಂತ ತಿದ್ದಿ ಕಳಿಸಿದರೆ ಇಬ್ಬರು ಖರೀದಿದಾರರು ಚಕಾರವೆತ್ತದೆ ಒಪ್ಪಿದರು. ಕೇಳಿದ್ದರೆ ಅವತ್ತೂ ಒಪ್ಪುತ್ತಿದ್ದರೇನೋ.