ಲಂಡನ್ ಟ್ಯೂಬ್‌ನಲ್ಲಿ ದಾರಿ ತೋರೋದು ಯಾವುದು? ಮ್ಯಾಪು, ಆಪು, ಬೋರ್ಡು

ಲಂಡನ್ನಿಗೆ ಹೊಸದಾಗಿ ಬರುವ ನಮ್ಮವರು ಮೊದಲು ಕೇಳುವುದು, ಟ್ಯೂಬ್‌ನಲ್ಲಿ, ಅಂದರೆ ಇಲ್ಲಿನ ನೆಲದಡಿಯ ರೈಲಿನಲ್ಲಿ, ಓಡಾಡಲು ಯಾವ ಆಪ್ ಹಾಕಿಕೊಳ್ಳಲಿ ಅಂತ. ಆಪ್ ಬೇಕು, ನಿಜ. ಆದರೆ ಅದೊಂದನ್ನೇ ನಂಬಿಕೊಂಡರೆ ನೆಲದ ಕೆಳಗೆ ತಬ್ಬಿಬ್ಬಾಗುತ್ತೀರಿ. ನಾನು ಟ್ಯೂಬ್ ಮ್ಯಾಪ್, ಜೊತೆಗೆ ಸಿಟಿಮ್ಯಾಪರ್, ಟಿಎಫ್‌ಎಲ್ ಗೋ, ಗೂಗಲ್ ಮ್ಯಾಪ್ಸ್ ಅನ್ನುವ ಆಪ್‌ಗಳು, ಎಲ್ಲವನ್ನೂ ಬಳಸಿದ್ದೇನೆ. ಸ್ಟೇಷನ್ನಿನ ಬೋರ್ಡು ಓದಿಕೊಂಡೇ ಹೋಗಿದ್ದೂ ಉಂಟು.

ಬಸವಣ್ಣನವರ ಪ್ರತಿಮೆಗೆ ಹೋಗುವ ದಾರಿಯನ್ನೇ ತೆಗೆದುಕೊಳ್ಳೋಣ. ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರ ನವೆಂಬರಿನಲ್ಲಿ ಅನಾವರಣವಾದ ಪ್ರತಿಮೆ ಅದು. ವಾಕ್ಸ್‌ಹಾಲ್ ಸ್ಟೇಷನ್ನಿನಿಂದ ನಡೆದು ಹೋಗಬಹುದು. ನೀವು ಹೀತ್ರೋ ಹತ್ತಿರದ ಹೌನ್ಸ್‌ಲೋದಲ್ಲಿ ಉಳಿದಿದ್ದೀರಿ ಅಂದುಕೊಳ್ಳಿ.

ಟ್ಯೂಬ್ ಮ್ಯಾಪ್ ಬಿಡಿಸಿದರೆ ದಾರಿ ಕಣ್ಣಿಗೆ ಹೊಡೆಯುತ್ತದೆ. ಕಡು ನೀಲಿ ಪಿಕಡಿಲಿ ಲೈನ್ ಹತ್ತಿ, ಗ್ರೀನ್ ಪಾರ್ಕ್‌ನಲ್ಲಿ ತಿಳಿ ನೀಲಿ ವಿಕ್ಟೋರಿಯಾ ಲೈನಿಗೆ ಬದಲಿಸಿ, ಅಲ್ಲಿಂದ ಮೂರನೇ ಸ್ಟೇಷನ್ನಿನಲ್ಲಿ ಇಳಿಯಿರಿ. 1931ರಲ್ಲಿ ಹ್ಯಾರಿ ಬೆಕ್ ಎಂಬ ಡ್ರಾಫ್ಟ್ಸ್‌ಮನ್ ಬರೆದ ಮ್ಯಾಪು 1933ರಲ್ಲಿ ಜನರ ಕೈಗೆ ಬಂತು. ಇವತ್ತಿನ ಮ್ಯಾಪು ನಡೆಯುವುದೂ ಅದೇ ಜಾಡಿನಲ್ಲಿ. ಗೆರೆಗಳು ಅಡ್ಡ, ಉದ್ದ, ಇಲ್ಲವೇ 45 ಡಿಗ್ರಿ ಓರೆ. ಎಲ್ಲಿ ಹತ್ತಬೇಕು, ಎಲ್ಲಿ ಬದಲಿಸಬೇಕು ಅನ್ನುವುದಷ್ಟೇ ಮುಖ್ಯ ಅಂತ ಬೆಕ್ ದೂರದ ಅಳತೆಯನ್ನು ಬೇಕೆಂದೇ ಬಿಟ್ಟರು. ಎಂಥ ಒಳ್ಳೆಯ ಯೋಚನೆ! ಸ್ವಲ್ಪ ದಿನ ನೋಡುತ್ತಿದ್ದರೆ ಇಡೀ ಊರು ತಲೆಯಲ್ಲಿ ಕೂರುತ್ತದೆ. ಲೈನ್ ನಿಂತುಹೋದ ದಿನ ಗಾಬರಿಯಾಗದೆ ಬೇರೆ ದಾರಿ ಹೊಳೆಯುವುದು ಇದರಿಂದಲೇ.

ಆದರೆ ಅಳತೆ ಬಿಟ್ಟಿದ್ದಕ್ಕೆ ತೊಂದರೆಯೂ ಇದೆ. ಬೇಸ್‌ವಾಟರ್ ಮತ್ತು ಕ್ವೀನ್ಸ್‌ವೇ ಬೇರೆ ಬೇರೆ ಲೈನಿನ ಸ್ಟೇಷನ್ನುಗಳು. ರಸ್ತೆಯಲ್ಲಿ ನಡೆದರೆ ಒಂದರಿಂದ ಇನ್ನೊಂದಕ್ಕೆ ಎರಡು ಮೂರು ನಿಮಿಷ ಅಷ್ಟೇ, ಮ್ಯಾಪಿನ ಗೆರೆ ಹಿಡಿದು ಟ್ರೈನಿನಲ್ಲೇ ಹೋದರೆ ಸುತ್ತು ದಾರಿ. ಲೆಸ್ಟರ್ ಸ್ಕ್ವೇರ್‌ಗೂ ಕಾವೆಂಟ್ ಗಾರ್ಡನ್‌ಗೂ ನಡುವೆ ಇರುವುದು ಸುಮಾರು 260 ಮೀಟರ್. ಈ ಕಡೆ ಎಸ್ಕಲೇಟರ್ ಇಳಿದು ಆ ಕಡೆ ಲಿಫ್ಟ್ ಹತ್ತುವಷ್ಟರಲ್ಲಿ ನಡೆದೇ ಹೋಗಬಹುದು, ಸುಮ್ನೆ ದುಡ್ಡು ದಂಡ. ಗ್ರೀನ್ ಪಾರ್ಕ್‌ನಲ್ಲಿ ಇದಕ್ಕೆ ತಿರುಗುಮುರುಗು. ಮ್ಯಾಪಿನಲ್ಲಿ ಸಣ್ಣದೊಂದು ಗುರುತು, ಕೆಳಗೆ ಹೋದರೆ ಪಿಕಡಿಲಿಯಿಂದ ವಿಕ್ಟೋರಿಯಾಗೆ ಉದ್ದಕ್ಕೂ ಸುರಂಗದ ನಡಿಗೆ. ಮಂಡಿನೋವಿನ ಹಿರಿಯರು ಜೊತೆಗಿದ್ದರೆ ಇದು ಮೊದಲೇ ಗೊತ್ತಿರಬೇಕು, ಅಲ್ವಾ?

ಸಿಟಿಮ್ಯಾಪರ್ ಗೆಲ್ಲುವುದು ಇಲ್ಲಿ. ಹೌನ್ಸ್‌ಲೋದಲ್ಲಿ ಟ್ಯೂಬ್ ಅಲ್ಲದ ಮಾಮೂಲಿ ರೈಲ್ವೆ ಸ್ಟೇಷನ್ ಒಂದಿದೆ. ಅಲ್ಲಿಂದ ವಾಟರ್‌ಲೂ ಕಡೆಯ ರೈಲು ಹತ್ತಿದರೆ ನೇರ ವಾಕ್ಸ್‌ಹಾಲ್, ಬದಲಿಸುವ ಗೋಜೇ ಇಲ್ಲ. ಟ್ಯೂಬ್ ಮ್ಯಾಪನ್ನು ಎಷ್ಟು ತಡಕಿದರೂ ಆ ಗೆರೆ ಸಿಗುವುದಿಲ್ಲ. ಆಪ್ ಎರಡೂ ದಾರಿಯನ್ನು ಪಕ್ಕಪಕ್ಕ ಇಡುತ್ತದೆ. ಯಾವ ಬೋಗಿ ಹತ್ತಿದರೆ ಇಳಿದ ಕೂಡಲೇ ಮೆಟ್ಟಿಲು ಸಿಗುತ್ತದೆ, ಯಾವ ಬಾಗಿಲಿಂದ ಹೊರಬರಬೇಕು ಅನ್ನುವುದನ್ನೂ ಹೇಳುತ್ತದೆ. ಗೂಗಲ್ ಮ್ಯಾಪ್ಸ್ ನನಗೆ ಹಿಡಿಸಿದ್ದು ರಸ್ತೆಗೆ ಬಂದ ಮೇಲೆ. ಟಿಎಫ್‌ಎಲ್ ಗೋ ಲಂಡನ್ನಿನ ಸಾರಿಗೆ ಸಂಸ್ಥೆ ಟಿಎಫ್‌ಎಲ್‌ನದೇ ಆಪ್. ಲಿಫ್ಟ್ ಎಲ್ಲಿದೆ, ಯಾವ ಲೈನ್ ಬಂದ್ ಅನ್ನುವುದಕ್ಕೆ ನಾನು ಅದನ್ನೇ ನೋಡುವುದು. ವಾರಾಂತ್ಯದಲ್ಲಿ ರಿಪೇರಿಗೆಂದು ಲೈನ್ ಮುಚ್ಚುವುದು ಜಾಸ್ತಿ, ಹಾಗಾಗಿ ಶನಿವಾರ ಮನೆ ಬಿಡುವ ಮುಂಚೆ ಒಮ್ಮೆ ತೆರೆದು ನೋಡಿ.

ಗೇಟು ದಾಟಿ ಕೆಳಗಿಳಿದಿರೋ, ಫೋನ್ ಜೇಬಿಗೆ ಹಾಕಿ. ಸಿಗ್ನಲ್ ಈಗ ಎಷ್ಟೋ ಕಡೆ ಬಂದಿದೆ, ಎಲ್ಲ ಕಡೆ ಇಲ್ಲ. ಸುರಂಗದಲ್ಲಿ ಆಪಿನ ನೀಲಿ ಚುಕ್ಕಿ ನಿಮ್ಮನ್ನು ನೀವಿಲ್ಲದ ಕಡೆಯೂ ತೋರಿಸುತ್ತದೆ. ಇಲ್ಲಿ ಬೋರ್ಡೇ ಗತಿ, ಮತ್ತು ಆ ಬೋರ್ಡುಗಳು ನಿಜಕ್ಕೂ ಚೆನ್ನಾಗಿವೆ. ಪ್ಲಾಟ್‌ಫಾರ್ಮ್ ಬಾಯಲ್ಲೇ ಗೋಡೆಯ ಮೇಲೆ ಮುಂದಿನ ಸ್ಟೇಷನ್ನುಗಳೆಲ್ಲ ಸಾಲಾಗಿ ಬರೆದಿರುತ್ತವೆ. ನಿಮ್ಮ ಸ್ಟೇಷನ್ ಆ ಪಟ್ಟಿಯಲ್ಲಿದ್ದರೆ ಅದೇ ಪ್ಲಾಟ್‌ಫಾರ್ಮ್. ಆದರೆ ಅಷ್ಟಕ್ಕೇ ಟ್ರೈನ್ ಹತ್ತಬೇಡಿ, ಅದರ ಕೊನೆಯ ಸ್ಟೇಷನ್ ಯಾವುದೆಂದೂ ಓದಿ. ಪಿಕಡಿಲಿ ಲೈನ್ ಪಶ್ಚಿಮಕ್ಕೆ ಹೋಗುವಾಗ ಆಕ್ಟನ್ ಟೌನ್‌ನಲ್ಲಿ ಕವಲೊಡೆಯುತ್ತದೆ. ಒಂದು ಹೀತ್ರೋ ಕಡೆ, ಇನ್ನೊಂದು ಅಕ್ಸ್‌ಬ್ರಿಜ್ ಕಡೆ. ವಾಪಸ್ ಹೌನ್ಸ್‌ಲೋಗೆ ಬೇಕಾದ್ದು ಹೀತ್ರೋ ಟ್ರೈನು.

ದಿನಾ ಕೆಲಸಕ್ಕೆ ಹೋಗುವವರಿಗೆ ಮ್ಯಾಪು ಮತ್ತು ಟಿಎಫ್‌ಎಲ್ ಗೋ ಸಾಕು. ವಾರದ ಮಟ್ಟಿಗೆ ಬಂದವರಿಗೆ ಸಿಟಿಮ್ಯಾಪರ್ ಸರಿ. ಊರಿಂದ ಬಂದ ಅಪ್ಪ ಅಮ್ಮ ತಾವೇ ಹೋಗಿಬರುತ್ತೇವೆ ಅಂದರೆ ನಾನು ಚೀಟಿ ಬರೆದುಕೊಡುತ್ತೇನೆ, ಇಂಗ್ಲಿಷ್ ಹೆಸರನ್ನು ಬೋರ್ಡಿನಲ್ಲಿ ಇರುವ ಹಾಗೇ ಬರೆದು. ಲೈನಿನ ಬಣ್ಣ, ಯಾವ ದಿಕ್ಕು, ಟ್ರೈನಿನ ಕೊನೆಯ ಸ್ಟೇಷನ್, ಇಳಿಯುವ ಸ್ಟೇಷನ್. ವಾಪಸ್ ಬರುವ ದಾರಿಗೆ ಬೇರೆ ಚೀಟಿ.